ಮೋಟ್ರು ಸುಟ್ಟಿದೆ ಅನ್ನುವ ಮುನ್ನ

ಸ್ವಿಚ್ ಹಾಕಿದ ಕೂಡಲೇ ‘ಊಂ’ ಎಂದು ಗುನುಗಿ, ಅಲ್ಲಾಡದೆ ನಿಂತ ಮೋಟಾರ್ ಹೆಚ್ಚಿನ ಸಲ ಸುಟ್ಟಿರುವುದಿಲ್ಲ. ಗುನುಗು ಕೇಳಿಸುತ್ತಿದೆ ಎಂದರೆ ವೈಂಡಿಂಗಿನಲ್ಲಿ ಕರೆಂಟು ಹರಿಯುತ್ತಿದೆ, ಅದರ ಸುತ್ತಲಿನ ಕಬ್ಬಿಣ ಆಯಸ್ಕಾಂತವಾಗಿ ಕಂಪಿಸುತ್ತಿದೆ. ತಿರುಗಲು ಬೇಕಾದ ಮೊದಲ ನೂಕು ಮಾತ್ರ ಸಿಕ್ಕಿಲ್ಲ. ಸುಡುವುದು ಆಮೇಲೆ. ನಿಂತ ಮೋಟಾರ್ ಎಳೆಯುವ ಕರೆಂಟು ಓಡುವ ಮೋಟಾರಿನದಕ್ಕಿಂತ ಐದಾರು ಪಟ್ಟು ಹೆಚ್ಚು. ‘ಈಗ ತಿರುಗೀತು, ಇನ್ನೊಂದು ಗಳಿಗೆ ನೋಡೋಣ’ ಎಂದು ಸ್ವಿಚ್ಚನ್ನು ಹಾಗೇ ಬಿಟ್ಟರೆ ಸ್ವಲ್ಪ ಹೊತ್ತಿಗೆಲ್ಲ ವಾರ್ನಿಷ್ ಕರಕಲಾದ ವಾಸನೆ ಅಂಗಡಿ ತುಂಬುತ್ತದೆ. ಚಿಕ್ಕದೊಂದು ಕೆಪಾಸಿಟರಿನ ದೋಷ ಇಡೀ ವೈಂಡಿಂಗ್ ಬದಲಿಸುವ ಖರ್ಚಾಗಿ ಬೆಳೆಯುವುದು ಹೀಗೆ ಕಾದು ನಿಂತ ಹೊತ್ತಿನಲ್ಲೇ.

ಈ ಮಾತನ್ನು ಅಂಚೆಟ್ಟಿಯಂಥ ಊರನ್ನು ಕಣ್ಮುಂದೆ ಇಟ್ಟುಕೊಂಡು ಹೇಳುತ್ತಿದ್ದೇನೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಊರು ಅದು. ಹೊಸೂರಿನಿಂದ ಡೆಂಕಣಿಕೋಟೆಗೆ ಬಂದು, ಅಲ್ಲಿಂದ ಕಾಡಿನ ನಡುವಿನ ದಾರಿಯಲ್ಲಿ ಸಾಗಿ, ಘಾಟಿ ಇಳಿದರೆ ಅಂಚೆಟ್ಟಿ. ಒಟ್ಟು ಸುಮಾರು 50 ಕಿಲೋಮೀಟರ್. ಅದೇ ದಾರಿಯಲ್ಲಿ ಮುಂದೆ ಹೋದರೆ ಹೊಗೇನಕಲ್ಲು. ಸುತ್ತ ಮೇಲಗಿರಿ ಬೆಟ್ಟಗಳು ಮತ್ತು 2014ರಲ್ಲಿ ಘೋಷಣೆಯಾದ ಕಾವೇರಿ ಉತ್ತರ ವನ್ಯಧಾಮ. ಕಾವೇರಿ ನದಿ ದಾಟಿದರೆ ಕರ್ನಾಟಕ. ಇಲ್ಲಿನ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಕಚೇರಿಯಲ್ಲಿ ತಮಿಳು, ಸಂತೆಯಲ್ಲಿ ಅದರ ಜೊತೆಗೆ ತೆಲುಗು. ಮೋಟಾರಿನ ಮೇಲೆ ಹೊಡೆದಿರುವ ತಗಡಿನ ಅಕ್ಷರ ಮಾತ್ರ ಇಂಗ್ಲಿಷ್.

ಇಂಥ ಊರಿನ ಮರಗೆಲಸದ ಅಂಗಡಿಯಲ್ಲಿ ಒಂದೇ ಮೋಟಾರಿನ ಮೇಲೆ ಇಡೀ ದುಡಿಮೆ ನಿಂತಿರುತ್ತದೆ. ಎರಕದ ಕಬ್ಬಿಣದ ದೊಡ್ಡ ಹಾಸು, ಮೇಲೆ ಹತ್ತರಿ ಹೊಡೆಯುವ ಪ್ಲೇನರ್, ಪಕ್ಕದಲ್ಲಿ ಸರ್ಕುಲರ್ ಗರಗಸ, ತುದಿಯಲ್ಲಿ ತೂತು ಕೊರೆಯುವ ಏರ್ಪಾಡು. ಕಂಬೈನ್ಡ್ ಮೆಷಿನ್ ಎಂದು ಕರೆಯುವುದು ಇದನ್ನೇ. ಹೊಟ್ಟೆಯೊಳಗೆ ಎರಡೋ ಮೂರೋ ಎಚ್‌ಪಿಯ ಮೋಟಾರ್, ಅಲ್ಲಿಂದ ಮೇಲಕ್ಕೆ ವಿ-ಬೆಲ್ಟ್. ಅಪ್ಪ ಕೊಂಡದ್ದು, ಮಗ ಓಡಿಸುತ್ತಿರುವುದು. ಬಾಗಿಲು, ಕಿಟಕಿ, ಮಂಚದ ಕಾಲು ಎಲ್ಲವೂ ಅದರ ಮೇಲೆ ಹಾದೇ ಹೋಗಬೇಕು. ಅದು ನಿಂತ ದಿನ ನೋಡಲು ಬಂದವರೆಲ್ಲ ಹೇಳುವ ಮಾತು ಒಂದೇ: “ಮೋಟ್ರು ಸುಟ್ಟೋಗೈತೆ ಆಚಾರ್ರೇ, ಹೊಸೂರಿಗೆ ತಗೊಂಡೋಗ್ಬುಡಿ.” ಮೋಟಾರ್ ಬಿಚ್ಚಬೇಕು, ಗಾಡಿ ಹುಡುಕಬೇಕು, ವೈಂಡಿಂಗ್ ಅಂಗಡಿಯಲ್ಲಿ ಸರದಿ ಕಾಯಬೇಕು, ಮತ್ತೆ ತರಬೇಕು. ಅಷ್ಟು ದಿನ ಕೂಲಿ ಇಲ್ಲ, ಒಪ್ಪಿಕೊಂಡ ಬಾಗಿಲು ಮುಗಿಯುವುದಿಲ್ಲ. ಇಷ್ಟೆಲ್ಲ ಆದ ಮೇಲೂ ದೋಷ ಇದ್ದದ್ದು ಮೋಟಾರಿನ ಹೊರಗೆ ಎಂದು ಗೊತ್ತಾದರೆ ಆ ನಷ್ಟವನ್ನು ತುಂಬಿಕೊಡುವವರು ಯಾರೂ ಇಲ್ಲ. ಹಾಗಾಗಿ ‘ಸುಟ್ಟಿದೆ’ ಎಂಬ ತೀರ್ಪು ಎಲ್ಲ ಪರೀಕ್ಷೆ ಮುಗಿದ ಮೇಲೆ ಕೊನೆಗೆ ಬರಬೇಕು. ಆ ಪರೀಕ್ಷೆಗಳಿಗೆ ಇಂಜಿನಿಯರ್ ಬೇಕಿಲ್ಲ. ಒಂದು ಮಲ್ಟಿಮೀಟರ್, ಒಂದು ಕ್ಲ್ಯಾಂಪ್ ಮೀಟರ್, ಒಂದೆರಡು ಸ್ಪ್ಯಾನರ್, ಜೊತೆಗೆ ಅವಸರಪಡದ ಮನಸ್ಸು ಸಾಕು.

ಈ ಸೀಮೆಯ ಸುತ್ತಮುತ್ತಲೇ ಮೋಟಾರಿನ ಚರಿತ್ರೆಯೂ ಹರಡಿಕೊಂಡಿದೆ. ಕಾವೇರಿಯ ನೀರಿನಿಂದ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು 1902ರಲ್ಲಿ. ಅದೇ ಹೊಳೆ ಅಂಚೆಟ್ಟಿಯ ಬೆಟ್ಟಗಳ ಮಗ್ಗುಲಲ್ಲಿ ಹರಿದು ಹೊಗೇನಕಲ್ಲಿನಲ್ಲಿ ಧುಮುಕಿ ಮೆಟ್ಟೂರಿಗೆ ಹೋಗುತ್ತದೆ. ಅಲ್ಲಿಯ ಅಣೆಕಟ್ಟು 1934ರಲ್ಲಿ ಮುಗಿಯಿತು, ಅದರ ನೀರಿನಿಂದಲೂ ವಿದ್ಯುತ್ ತೆಗೆದರು. ಎರಡು ವಿದ್ಯುದಾಗರಗಳ ನಡುವೆ ಇದ್ದ ಈ ಬೆಟ್ಟದ ಊರುಗಳಿಗೆ ಕರೆಂಟು ಬಂದದ್ದು ಬಹಳ ತಡವಾಗಿ. ಇನ್ನು ಮೋಟಾರ್: ನಮ್ಮ ದೇಶದಲ್ಲೇ ತಯಾರಾದ ಮೊದಲ ವಿದ್ಯುತ್ ಮೋಟಾರ್ ಎಂದು ಹೆಸರಾದದ್ದು 1937ರಲ್ಲಿ ಕೊಯಮತ್ತೂರಿನಲ್ಲಿ ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು ಮಾಡಿದ್ದು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಶುರುವಾಯಿತು. ಅದೇ ಊರಿನ ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಕಾರ್ಖಾನೆ ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ಮೋಟಾರ್, ಟ್ರಾನ್ಸ್‌ಫಾರ್ಮರ್ ಮಾಡುತ್ತಿತ್ತು. ಅದರ ಬಾಗಿಲು ಮುಚ್ಚಿ ಎಷ್ಟೋ ವರ್ಷವಾದರೂ ಅಲ್ಲಿ ಎರಕಗೊಂಡ ಮೋಟಾರುಗಳು ಗಟ್ಟಿ ಮೈಯವು, ದಪ್ಪ ತಾಮ್ರದವು ಎಂಬ ಹೆಸರು ಉಳಿಸಿಕೊಂಡಿವೆ. ಇಂಥದ್ದೊಂದನ್ನು ಗುಜರಿಗೆ ಹಾಕುವ ಮುಂಚೆ ಎರಡು ಸಲ ಯೋಚಿಸಿ ಎಂದು ಬೇಡಿಕೊಳ್ಳುತ್ತೇನೆ.

ಕೆಲಸಕ್ಕೆ ಕೈ ಹಾಕುವ ಮೊದಲು ಮೈನ್ ಸ್ವಿಚ್ ತೆಗೆದು ಫ್ಯೂಸ್ ಕ್ಯಾರಿಯರನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಸ್ವಿಚ್ ತೆಗೆದರೆ ಸಾಲದು. ಹೊರಗಿನಿಂದ ಬಂದವರು ಯಾರಾದರೂ ‘ಕರೆಂಟ್ ಹೋಗಿದೆಯೇನೋ’ ಎಂದು ಸ್ವಿಚ್ ಹಾಕಿಬಿಡುತ್ತಾರೆ.

ಆಮೇಲಿನ ಮೊದಲ ಕೆಲಸ ಬೆಲ್ಟ್ ಕಳಚುವುದು. ಇದರಷ್ಟು ಸುಲಭವಾದ, ಇದರಷ್ಟು ಉಪಯೋಗಕ್ಕೆ ಬರುವ ಪರೀಕ್ಷೆ ಇನ್ನೊಂದಿಲ್ಲ, ಆದರೂ ಹೆಚ್ಚಿನವರು ಬಿಡುವುದು ಇದನ್ನೇ. ಬೆಲ್ಟ್ ಇಲ್ಲದೆ ಮೋಟಾರ್ ಸರಾಗವಾಗಿ ಓಡಿದರೆ ತೊಂದರೆ ಮೆಷಿನ್ನಿನದು: ಪ್ಲೇನರಿನ ಬ್ಲೇಡು ಹಿಡಿದಿರುವ ಕಟ್ಟರ್ ಬ್ಲಾಕಿನ ಬೇರಿಂಗ್ ಬಿಗಿದಿದೆ, ಗರಗಸ ಮರಕ್ಕೆ ಸಿಕ್ಕಿಕೊಂಡಿದೆ, ಬ್ಲೇಡಿನ ಹರಿತ ಹೋಗಿದೆ, ಅಥವಾ ಬೆಲ್ಟನ್ನೇ ಅತಿಯಾಗಿ ಎಳೆದು ಕಟ್ಟಲಾಗಿದೆ. ಬೆಲ್ಟ್ ಕಳಚಿದಾಗ ಎರಡೂ ಕಡೆಯ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಬೇಕು. ಮೋಟಾರಿನ ಶಾಫ್ಟು ಹಗುರಾಗಿ ತಿರುಗಿ ನಿಧಾನಕ್ಕೆ ನಿಲ್ಲಬೇಕು. ಕಟ್ಟರ್ ಬ್ಲಾಕ್ ತಿರುಗಿಸುವಾಗ ಕೈಗೆ ಚರ್ಮದ ಗವುಸು ಇರಲಿ, ಬ್ಲೇಡಿನ ಅಂಚನ್ನು ಮುಟ್ಟದೆ ಪುಲ್ಲಿ ಹಿಡಿದು ತಿರುಗಿಸಬೇಕು. ಮೊಂಡು ಬ್ಲೇಡಿನಿಂದ ಒಣಗಿದ ಹಲಸಿನ ಹಲಗೆಗೆ ಹತ್ತರಿ ಹೊಡೆಯಲು ಹೋಗಿ, ಮೋಟಾರ್ ಬಿಸಿಯಾಗಿ, ಓವರ್‌ಲೋಡ್ ಬಿದ್ದು, ಕೊನೆಗೆ ಮೋಟಾರಿಗೆ ವಯಸ್ಸಾಯಿತು ಎಂದು ದೂರುವವರಿದ್ದಾರೆ. ಬ್ಲೇಡ್ ಮಸೆದರೆ ಮೋಟಾರಿನ ವಯಸ್ಸು ಇಳಿಯುತ್ತದೆ.

ಬೆಲ್ಟ್ ಕಳಚಿದರೂ ಮೋಟಾರ್ ಗುನುಗುತ್ತಲೇ ನಿಂತರೆ ಮುಂದೆ ನೋಡಬೇಕಾದ್ದು ಅದಕ್ಕೆ ಬರುತ್ತಿರುವ ವೋಲ್ಟೇಜ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಟ್ಟದ ಊರುಗಳಲ್ಲಿ ಅರ್ಧಕ್ಕರ್ಧ ಕಥೆ ಇಲ್ಲೇ ಇರುತ್ತದೆ.

ನಿಯಮದ ಪ್ರಕಾರ ಮನೆಗೆ, ಅಂಗಡಿಗೆ ಬರುವ ವೋಲ್ಟೇಜ್ ನಿಗದಿತ ಮಟ್ಟಕ್ಕಿಂತ ಶೇ 6ರಷ್ಟು ಮಾತ್ರ ಮೇಲೆ ಕೆಳಗೆ ಆಗಬಹುದು. 230 ವೋಲ್ಟಿನ ಲೆಕ್ಕದಲ್ಲಿ ಅದು ಸುಮಾರು 216ರಿಂದ 244. ಆದರೆ ಟ್ರಾನ್ಸ್‌ಫಾರ್ಮರಿನಿಂದ ದೂರದ, ತಂತಿಯ ಕೊನೆಯ ತುದಿಯ ಅಂಗಡಿಯಲ್ಲಿ ಸಂಜೆ ಹೊತ್ತು ಮೀಟರ್ ಹಿಡಿದರೆ 180 ತೋರಿಸುವುದೂ ಉಂಟು. 230ರಿಂದ 180ಕ್ಕೆ ಇಳಿಯುವುದು ಶೇ 22ರಷ್ಟು ಕೊರತೆ, ಅದೇನು ಮಹಾ ಎಂದು ಅನಿಸಬಹುದು. ಇಂಡಕ್ಷನ್ ಮೋಟಾರಿನ ಸ್ವಭಾವ ಹಾಗಿಲ್ಲ. ಅದರ ತಿರುಚುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 180ನ್ನು 230ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ 0.61. ಮೋಟಾರಿಗೆ ಹೊರಡುವ ಹೊತ್ತಿಗೆ ಇರಬೇಕಾದ ಬಲದಲ್ಲಿ ಹತ್ತಿರ ಹತ್ತಿರ ನೂರಕ್ಕೆ ನಲವತ್ತು ಭಾಗ ಮಾಯವಾಗಿದೆ! ಮೋಟಾರಿನಲ್ಲಿ ಯಾವ ದೋಷವೂ ಇಲ್ಲದೆ ಅದು ಗುನುಗುತ್ತ ನಿಲ್ಲುವುದಕ್ಕೆ ಇಷ್ಟು ಸಾಕು.

ತಪ್ಪು ಯಾವಾಗಲೂ ಹೊರಗಿನ ಲೈನಿನದೇ ಎಂದೂ ಅಲ್ಲ. ಅಂಗಡಿಯೊಳಗಿನ ತಂತಿಯನ್ನು ನೋಡಿ. ಮೀಟರ್ ಬೋರ್ಡಿನಿಂದ ಹಿಂದಿನ ಶೆಡ್ಡಿಗೆ 50 ಮೀಟರ್ ದೂರ ಎಂದುಕೊಳ್ಳೋಣ. ಹೋಗಿ ಬರುವ ದಾರಿ ಸೇರಿ 100 ಮೀಟರ್ ತಂತಿ. 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದಿದ್ದರೆ ಅದರ ರೆಸಿಸ್ಟೆನ್ಸ್ ಸುಮಾರು 1.2 ಓಮ್. ಎರಡು ಎಚ್‌ಪಿಯ ಸಿಂಗಲ್ ಫೇಸ್ ಮೋಟಾರ್ ಓಡುವಾಗ 11–12 ಆಂಪಿಯರ್ ಎಳೆದರೂ ಹೊರಡುವಾಗ 60 ಆಂಪಿಯರ್ ಎಳೆಯಬಹುದು. ಆ ಕ್ಷಣದಲ್ಲಿ ತಂತಿಯೇ 70 ವೋಲ್ಟ್ ನುಂಗಿಬಿಡುತ್ತದೆ. ಬೋರ್ಡಿನಲ್ಲಿ 225 ಇದ್ದರೆ ಮೋಟಾರಿನ ಬಾಯಿಗೆ ಬೀಳುವುದು 155. ಅದೇ ಜಾಗಕ್ಕೆ 4 ಚದರ ಮಿಲಿಮೀಟರಿನ ತಂತಿ ಎಳೆದರೆ ಆ ನಷ್ಟ 30 ವೋಲ್ಟಿನ ಒಳಗೆ ಇಳಿಯುತ್ತದೆ. ಸ್ವಿಚ್ ಹಾಕುವ ಮುಂಚೆ ಅಳೆದ ವೋಲ್ಟೇಜಿಗೆ ಬೆಲೆ ಇಲ್ಲ ಎನ್ನುವುದು ಇದಕ್ಕೇ. ಮೋಟಾರಿನ ಟರ್ಮಿನಲ್ ಪೆಟ್ಟಿಗೆಯಲ್ಲೇ, ಅದು ಹೊರಡಲು ಹೆಣಗುತ್ತಿರುವ ಆ ಒಂದೆರಡು ಸೆಕೆಂಡಿನಲ್ಲೇ ಅಳೆಯಬೇಕು. ಮೀಟರಿನ ಕ್ಲಿಪ್ಪುಗಳನ್ನು ಮೊದಲೇ ಸಿಕ್ಕಿಸಿ, ಕೈ ದೂರ ಇಟ್ಟುಕೊಂಡು, ಇನ್ನೊಬ್ಬರಿಂದ ಸ್ವಿಚ್ ಹಾಕಿಸಿ ತೆಗೆಸಬೇಕು. ಆ ಪೆಟ್ಟಿಗೆ ಬಿಚ್ಚಿದಾಗಲೇ ಸಡಿಲವಾದ ನಟ್ಟು, ಕಪ್ಪಗಾದ ಲಗ್ಗು, ಹಲ್ಲಿಯ ಅಸ್ಥಿಪಂಜರ, ಇರುವೆಯ ಗೂಡು ಕಣ್ಣಿಗೆ ಬೀಳುವುದು ಅಪರೂಪವೇನಲ್ಲ. ಸ್ವಿಚ್ಚಿನ ಕಾಂಟ್ಯಾಕ್ಟುಗಳ ನಡುವೆ ಇರುವೆ ಸಿಕ್ಕಿ ಜಜ್ಜಿಹೋಗಿ, ಅದೇ ಪದರವಾಗಿ ಕರೆಂಟನ್ನು ತಡೆಯುತ್ತದೆ.

ವೋಲ್ಟೇಜ್ ಸರಿ ಇದೆ, ತಂತಿ ಸರಿ ಇದೆ, ಆದರೂ ಗುನುಗು. ಸಿಂಗಲ್ ಫೇಸ್ ಮೋಟಾರ್ ಆಗಿದ್ದರೆ ಈಗ ಕೆಪಾಸಿಟರಿನ ಸರದಿ. ಹಳೆಯ ಮೆಕ್ಯಾನಿಕ್ಕುಗಳು ಇದನ್ನು ಕಂಡೆನ್ಸರ್ ಎನ್ನುತ್ತಾರೆ. ಸಿಂಗಲ್ ಫೇಸಿನ ಕರೆಂಟು ತಾನಾಗಿ ಸುತ್ತುವ ಆಯಸ್ಕಾಂತ ಕ್ಷೇತ್ರವನ್ನು ಹುಟ್ಟಿಸಲಾರದು, ಹಿಂದಕ್ಕೂ ಮುಂದಕ್ಕೂ ಮಿಡಿಯುತ್ತದೆ ಅಷ್ಟೆ. ಅದಕ್ಕಾಗಿ ಓಡುವ ವೈಂಡಿಂಗಿನ ಜೊತೆಗೆ ಹೊರಡಿಸುವ ವೈಂಡಿಂಗ್ ಒಂದನ್ನು ಅಡ್ಡಕ್ಕೆ ಸುತ್ತಿರುತ್ತಾರೆ, ಅದಕ್ಕೆ ಹೋಗುವ ಕರೆಂಟನ್ನು ಕೆಪಾಸಿಟರ್ ಸ್ವಲ್ಪ ಮುಂದಕ್ಕೆ ಸರಿಸುತ್ತದೆ. ಎರಡರ ನಡುವಿನ ಆ ವ್ಯತ್ಯಾಸವೇ ಒಳಗೆ ತಿರುಗುವ ರೋಟರಿಗೆ ಮೊದಲ ನೂಕು. ಕೆಪಾಸಿಟರ್ ಸೋತರೆ ನೂಕು ಇಲ್ಲ. ಬೆಲ್ಟ್ ಇಲ್ಲದ ಮೋಟಾರಿನ ಶಾಫ್ಟಿಗೆ ಹಗ್ಗ ಸುತ್ತಿ, ಎಳೆದು, ಹಗ್ಗ ಪೂರ್ತಿ ಬಿಟ್ಟ ಮೇಲೆ ಸ್ವಿಚ್ ಹಾಕಿದಾಗ ಯಾವ ದಿಕ್ಕಿಗೆ ತಿರುಗಿಸಿದರೂ ಆ ದಿಕ್ಕಿಗೇ ವೇಗ ಹಿಡಿದರೆ ದೋಷ ಹೊರಡಿಸುವ ಕಡೆಯದೇ ಎಂದು ತಿಳಿಯಬಹುದು. ಬೆಲ್ಟ್ ಇದ್ದಾಗ, ಗರಗಸವನ್ನೋ ಪುಲ್ಲಿಯನ್ನೋ ಕೈಯಲ್ಲಿ ನೂಕಿ ಮೋಟಾರ್ ಹೊರಡಿಸುವ ಅಭ್ಯಾಸವನ್ನು ಕಂಡರೆ ಎದೆ ಝಲ್ಲೆನ್ನುತ್ತದೆ. ಬೆರಳಿಗೂ ಮೆಷಿನ್ನಿಗೂ ನಡುವೆ ಆ ಹೊತ್ತಿನಲ್ಲಿ ಏನೂ ಇರುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ, ಮಾಡುವವರನ್ನು ತಡೆಯಿರಿ.

ಕೆಪಾಸಿಟರ್ ಮುಟ್ಟುವ ಮುಂಚೆ ಅದರೊಳಗೆ ಉಳಿದಿರುವ ಚಾರ್ಜ್ ಇಳಿಸಬೇಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟಾರನೆ ಕಿಡಿ ಹಾರಿಸುವುದನ್ನು ಬಿಟ್ಟು, ಹೋಲ್ಡರಿಗೆ ಹಾಕಿದ ಸಾದಾ ಬಲ್ಬಿನ ಎರಡು ತಂತಿಗಳನ್ನು ಅದರ ಎರಡು ತುದಿಗಳಿಗೆ ತಾಗಿಸಿದರೆ ಮೆಲ್ಲಗೆ ಇಳಿಯುತ್ತದೆ. ತಲೆ ಉಬ್ಬಿದ, ಎಣ್ಣೆ ಒಸರಿದ ಕೆಪಾಸಿಟರನ್ನು ಅಳೆಯುವ ಅಗತ್ಯವೇ ಇಲ್ಲ. ಉಳಿದದ್ದನ್ನು ಮೀಟರಿನಲ್ಲಿ ಅಳೆದು ಮೈಮೇಲಿನ ಎಂಎಫ್‌ಡಿ (ಮೈಕ್ರೋಫ್ಯಾರಡ್) ಸಂಖ್ಯೆಯ ಜೊತೆ ಹೋಲಿಸಬೇಕು. ಹೊಸದು ತರುವಾಗ ಎರಡು ಎಚ್ಚರ. ಹೆಚ್ಚು ಎಂಎಫ್‌ಡಿ ಹಾಕಿದರೆ ಹೆಚ್ಚು ಬಲ ಎಂದು ದೊಡ್ಡದು ಹಾಕುವುದು ತಪ್ಪು, ಹೊರಡಿಸುವ ವೈಂಡಿಂಗ್ ಅದರಿಂದ ಕಾಯುತ್ತದೆ. ಎರಡನೆಯದು ಇನ್ನೂ ಮುಖ್ಯ: ಸ್ಟಾರ್ಟ್ ಕೆಪಾಸಿಟರ್ ಬೇರೆ, ರನ್ ಕೆಪಾಸಿಟರ್ ಬೇರೆ. ಮೊದಲನೆಯದು ಒಂದೆರಡು ಸೆಕೆಂಡು ಮಾತ್ರ ದುಡಿಯಲು ಹುಟ್ಟಿದ್ದು, ಅದನ್ನು ಸದಾ ಕರೆಂಟು ಹರಿಯುವ ಜಾಗಕ್ಕೆ ಹಾಕಿದರೆ ಸಿಡಿಯುತ್ತದೆ. ರನ್ ಕೆಪಾಸಿಟರಿನ ಮೈಮೇಲೆ ಸಾಮಾನ್ಯವಾಗಿ 440 ವೋಲ್ಟ್ ಎಂದು ಬರೆದಿರುತ್ತದೆ, ಎಂಎಫ್‌ಡಿ ಸಂಖ್ಯೆ ಚಿಕ್ಕದಾಗಿರುತ್ತದೆ.

ಕೆಪಾಸಿಟರ್ ಒಳ್ಳೆಯದೇ ಆಗಿದ್ದರೆ ಮರಗೆಲಸದ ಮೋಟಾರಿನ ನಿಜವಾದ ಶತ್ರುವಿನ ಹತ್ತಿರ ಬರುತ್ತೇವೆ. ಅದು ಹೊಟ್ಟು. ಮೋಟಾರಿನ ಒಳಗೆ, ಶಾಫ್ಟಿನ ಹಿಂಬದಿಯಲ್ಲಿ ಸೆಂಟ್ರಿಫ್ಯೂಗಲ್ ಸ್ವಿಚ್ ಇರುತ್ತದೆ. ಸ್ಪ್ರಿಂಗ್ ಕಟ್ಟಿದ ಎರಡು ಚಿಕ್ಕ ತೂಕಗಳು ಶಾಫ್ಟಿನ ಜೊತೆ ಸುತ್ತುತ್ತವೆ. ಮೋಟಾರ್ ತನ್ನ ವೇಗದ ಮುಕ್ಕಾಲು ಭಾಗ ಮುಟ್ಟಿದಾಗ ಅವು ಹೊರಕ್ಕೆ ಚಿಮ್ಮಿ ಕಾಂಟ್ಯಾಕ್ಟನ್ನು ಬಿಡಿಸುತ್ತವೆ, ಹೊರಡಿಸುವ ವೈಂಡಿಂಗಿಗೆ ಅಲ್ಲಿಗೆ ಬಿಡುವು. ಸ್ವಿಚ್ ತೆಗೆದು ಮೋಟಾರ್ ನಿಲ್ಲುವ ಹೊತ್ತಿಗೆ ‘ಟಕ್’ ಎಂದು ಕೇಳುವುದು ಅವು ಮರಳಿ ಕೂತ ಸದ್ದು. ಆ ಸದ್ದಿಗೆ ಕಿವಿ ಪಳಗಿಸಿಕೊಳ್ಳಬೇಕು. ನಿಲ್ಲುವಾಗ ಟಕ್ ಎನ್ನದ ಮೋಟಾರ್ ಮುಂದಿನ ಸಲ ಹೊರಡುವುದಿಲ್ಲ. ಹೊಟ್ಟು, ಅದರ ಮೇಲೆ ಬೇರಿಂಗಿನ ಗ್ರೀಸು, ಎರಡೂ ಸೇರಿ ಅಂಟಾಗಿ ಆ ತೂಕಗಳನ್ನು ಹಿಡಿದುಬಿಡುತ್ತವೆ. ಕೆಲವೊಮ್ಮೆ ಹೊಟ್ಟು ಕಾಂಟ್ಯಾಕ್ಟುಗಳ ನಡುವೆಯೇ ಕೂತಿರುತ್ತದೆ. ಹಿಂದಿನ ಮುಚ್ಚಳ ಬಿಚ್ಚಿ, ಬ್ರಷ್ಷಿನಿಂದ ಗುಡಿಸಿ, ಕಾಂಟ್ಯಾಕ್ಟುಗಳನ್ನು ನುಣ್ಣನೆಯ ಉಜ್ಜುಕಾಗದದಿಂದ ಒರೆಸಿ, ಸ್ಪ್ರಿಂಗ್ ಸಡಿಲವಾಗಿಲ್ಲ ಎಂದು ನೋಡಿದರೆ ಎಷ್ಟೋ ಮೋಟಾರುಗಳು ಅಲ್ಲೇ, ಆ ಗಳಿಗೆಯಲ್ಲೇ ಓಡುತ್ತವೆ. ಇದರ ವಿರುದ್ಧದ ದೋಷ ಹೆಚ್ಚು ಅಪಾಯದ್ದು: ಕಾಂಟ್ಯಾಕ್ಟು ಬೆಸೆದುಕೊಂಡು ಬಿಡಿಸದೇ ಹೋದರೆ ಮೋಟಾರ್ ಹೊರಡುತ್ತದೆ, ಆದರೆ ಕರಕರ ಎನ್ನುತ್ತ, ವಿಪರೀತ ಕರೆಂಟು ಎಳೆಯುತ್ತ ಓಡುತ್ತದೆ. ಬೇಗ ನಿಲ್ಲಿಸದಿದ್ದರೆ ಕೆಪಾಸಿಟರ್ ಸಿಡಿದು ಹೊರಡಿಸುವ ವೈಂಡಿಂಗ್ ಬೇಯುತ್ತದೆ.

ಹೊಟ್ಟಿನ ಹಾವಳಿ ಅಲ್ಲಿಗೇ ಮುಗಿಯುವುದಿಲ್ಲ. ಹಳೆಯ ಮೋಟಾರುಗಳಲ್ಲಿ ಹಲವು ಗಾಳಿಕಿಂಡಿ ತೆರೆದಿರುವ ಮಾದರಿಯವು, ಹೊಟ್ಟು ನೇರ ವೈಂಡಿಂಗಿನ ಮೇಲೇ ಕೂರುತ್ತದೆ. ಮುಚ್ಚಿದ ಮಾದರಿಯಲ್ಲೂ ಹಿಂದಿನ ಫ್ಯಾನಿನ ಮುಚ್ಚಳ, ಮೈಮೇಲಿನ ಏಣುಗಳ ಸಂದು ತುಂಬಿ ಗಾಳಿಯ ದಾರಿ ಕಟ್ಟುತ್ತದೆ. ವೈಂಡಿಂಗಿನ ಬಿಸಿ ಹತ್ತು ಡಿಗ್ರಿ ಏರಿದರೆ ಅದರ ಹೊದಿಕೆಯ ಆಯುಸ್ಸು ಅರ್ಧವಾಗುತ್ತದೆ ಎಂಬುದು ವೈಂಡಿಂಗ್ ಕಸುಬಿನಲ್ಲಿ ಒಪ್ಪಿತವಾದ ಲೆಕ್ಕ. ವಾರಕ್ಕೊಮ್ಮೆ ಒಣ ಬ್ರಷ್ಷು ಆಡಿಸುವುದಕ್ಕಿಂತ ಅಗ್ಗದ ರಿಪೇರಿ ಇಲ್ಲ. ಕಂಪ್ರೆಸರಿನ ಜೋರು ಗಾಳಿಯನ್ನು ತೆರೆದ ಮೋಟಾರಿನೊಳಗೆ ಬಿಡುವುದು ನನಗೆ ಒಪ್ಪಿಗೆಯಿಲ್ಲ, ಹೊಟ್ಟು ಹೊರಗೆ ಬರುವ ಬದಲು ಸ್ಲಾಟುಗಳ ಮೂಲೆಗೆ ಹೋಗಿ ಸೇರುತ್ತದೆ.

ಬೇರಿಂಗ್ ದೋಷವನ್ನು ಕಿವಿಯೇ ಹಿಡಿಯುತ್ತದೆ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಕೂತ ಜಾಗಕ್ಕೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟರೆ ಒಳ್ಳೆಯ ಬೇರಿಂಗ್ ಒಂದೇ ಸಮ ಝೇಂಕರಿಸುತ್ತದೆ, ಸವೆದದ್ದು ಗೊರಗೊರ ಎನ್ನುತ್ತದೆ. ಶಾಫ್ಟನ್ನು ಮೇಲೆ ಕೆಳಗೆ ಅಲ್ಲಾಡಿಸಿದಾಗ ಆಟ ಕಂಡರೆ ರೋಟರ್ ಒಳಗೆ ತನ್ನ ಸುತ್ತಲಿನ ಸ್ಟೇಟರಿಗೆ ಉಜ್ಜುತ್ತಿರಬಹುದು, ಬಿಚ್ಚಿದಾಗ ಕಬ್ಬಿಣದ ಮೇಲೆ ಹೊಳೆಯುವ ಗೀರು ಕಾಣುತ್ತದೆ. 6204, 6205ರಂಥ ಸಂಖ್ಯೆ ಬೇರಿಂಗಿನ ಮೈಮೇಲೇ ಇರುತ್ತದೆ. 6205 ಎಂದರೆ ಒಳವ್ಯಾಸ 25 ಮಿಲಿಮೀಟರ್, ಹೊರವ್ಯಾಸ 52, ಅಗಲ 15. ಮರಗೆಲಸಕ್ಕೆ ಎರಡೂ ಬದಿ ಮುಚ್ಚಿದ ಬೇರಿಂಗೇ ಬೇಕು. ಕೂರಿಸುವಾಗ ಸುತ್ತಿಗೆಯ ಪೆಟ್ಟು ಒಳಬಳೆಗೆ ಮಾತ್ರ ಬೀಳಬೇಕು, ಹೊರಬಳೆಗೆ ಹೊಡೆದರೆ ಹೊಸ ಬೇರಿಂಗ್ ಕೂರುವ ಮುಂಚೆಯೇ ಕೆಟ್ಟಿರುತ್ತದೆ.

ಮೂರು ಫೇಸಿನ ಮೋಟಾರಿಗೆ ಕೆಪಾಸಿಟರೂ ಇಲ್ಲ, ಸೆಂಟ್ರಿಫ್ಯೂಗಲ್ ಸ್ವಿಚ್ಚೂ ಇಲ್ಲ. ಅದು ಗುನುಗುತ್ತ ನಿಂತರೆ ಮೊದಲ ಅನುಮಾನ ಒಂದು ಫೇಸ್ ಇಲ್ಲ ಎಂಬುದು. ಕಾಡಿನ ನಡುವೆ ಹಾದು ಬರುವ ಲೈನಿನ ಮೇಲೆ ಗಾಳಿಗೆ ಕೊಂಬೆ ಬೀಳುತ್ತದೆ, ಆನೆ ಮರ ಕೆಡವುತ್ತದೆ, ಟ್ರಾನ್ಸ್‌ಫಾರ್ಮರಿನ ಒಂದು ಫ್ಯೂಸ್ ಹೋಗುತ್ತದೆ. ಅಂಗಡಿಯ ದೀಪ ಉರಿಯುತ್ತಿರುವುದರಿಂದ ಕರೆಂಟು ಇದೆ ಎಂದೇ ತಿಳಿಯುತ್ತೇವೆ. ಓಡುತ್ತಿರುವಾಗಲೇ ಒಂದು ಫೇಸ್ ಹೋದರೆ ಮೋಟಾರ್ ನಿಲ್ಲುವುದಿಲ್ಲ, ಉಳಿದ ಎರಡರಿಂದಲೇ ಎಲ್ಲ ಭಾರ ಎಳೆಯುತ್ತ ಒಳಗೊಳಗೇ ಬೇಯುತ್ತದೆ. ಸರಿಯಾಗಿ ಹೊಂದಿಸಿದ ಓವರ್‌ಲೋಡ್ ರಿಲೇ, ಜೊತೆಗೆ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಇದ್ದರೆ ಮೋಟಾರ್ ಬದುಕುತ್ತದೆ. ಪದೇ ಪದೇ ಬೀಳುತ್ತದೆ ಎಂದು ರಿಲೇಯ ತಿರುಪನ್ನು ಕೊನೆಯವರೆಗೆ ತಿರುಗಿಸಿಡುವುದು, ಫ್ಯೂಸಿಗೆ ದಪ್ಪ ತಂತಿ ಕಟ್ಟುವುದು, ಎರಡೂ ಒಂದೇ ಬಗೆಯ ಅಪರಾಧ. ಮೂರೂ ಫೇಸ್ ಇದ್ದರೂ ವೋಲ್ಟೇಜ್ ಸಮವಾಗಿರಬೇಕು: ಅದರಲ್ಲಿ ನೂರಕ್ಕೆ ಒಂದರಷ್ಟು ಏರುಪೇರಾದರೆ ಕರೆಂಟಿನಲ್ಲಿ ಆರರಿಂದ ಹತ್ತರಷ್ಟು ಏರುಪೇರಾಗುತ್ತದೆ. ಕ್ಲ್ಯಾಂಪ್ ಮೀಟರನ್ನು ಮೂರೂ ತಂತಿಗಳಿಗೆ ಒಂದೊಂದಾಗಿ ಹಾಕಿದರೆ ಈ ಕಥೆಯೆಲ್ಲ ಬಯಲಾಗುತ್ತದೆ. ಒಂದು ಉಪಾಯವನ್ನೂ ಹೇಳಬೇಕು. ಮೂರೂ ತಂತಿಗಳನ್ನು ಮೋಟಾರಿನಲ್ಲಿ ಒಂದೊಂದು ಸ್ಥಾನ ಸರಿಸಿ ಮತ್ತೆ ಅಳೆಯಿರಿ. ಹೆಚ್ಚು ಕರೆಂಟು ಅದೇ ಲೈನಿನ ತಂತಿಯಲ್ಲಿ ಉಳಿದರೆ ತಪ್ಪು ಲೈನಿನದು, ಮೋಟಾರಿನ ಟರ್ಮಿನಲ್ಲನ್ನು ಹಿಂಬಾಲಿಸಿದರೆ ತಪ್ಪು ವೈಂಡಿಂಗಿನದು. ವಿದ್ಯುತ್ ಮಂಡಳಿಯ (ಇ.ಬಿ.) ಆಫೀಸಿಗೆ ದೂರು ಕೊಡಲು ಹೋಗುವಾಗ ಈ ಸಂಖ್ಯೆಗಳು ಕಾಗದದ ಮೇಲೆ ಇದ್ದರೆ ಮಾತಿಗೆ ತೂಕ ಬರುತ್ತದೆ.

ಬೇರೆಡೆಯಿಂದ ಬಂದ ಹಳೆಯ ಮೂರು ಫೇಸಿನ ಮೋಟಾರ್ ಹೊರಟರೂ ಬಲವಿಲ್ಲದೆ ಹಲಗೆ ಕೊಟ್ಟ ಕೂಡಲೇ ನಿಂತರೆ ಟರ್ಮಿನಲ್ ಪೆಟ್ಟಿಗೆಯ ಪಟ್ಟಿಗಳನ್ನು ನೋಡಿ. ವೈಂಡಿಂಗುಗಳನ್ನು ಸ್ಟಾರ್ ಅಥವಾ ಡೆಲ್ಟಾ ಕ್ರಮದಲ್ಲಿ ಜೋಡಿಸುವುದು ಅವೇ. ಡೆಲ್ಟಾದಲ್ಲಿ ಇರಬೇಕಾದ ಮೋಟಾರನ್ನು ಸ್ಟಾರಿನಲ್ಲಿ ಕಟ್ಟಿದ್ದರೆ ಬಲ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಸ್ಟಾರಿನಲ್ಲಿ ಇರಬೇಕಾದ್ದನ್ನು ಡೆಲ್ಟಾದಲ್ಲಿ ಕಟ್ಟಿದ್ದರೆ ಪ್ರತಿ ವೈಂಡಿಂಗಿಗೂ 1.73 ಪಟ್ಟು ವೋಲ್ಟೇಜ್ ಬಿದ್ದು ಬೇಗನೆ ಸುಡುತ್ತದೆ. ಯಾವುದು ಸರಿ ಎಂಬುದನ್ನು ಮೋಟಾರಿನ ಮೇಲಿನ ತಗಡು ಹೇಳುತ್ತದೆ. ಹಾಗಾಗಿ ಆ ತಗಡಿನ ಮೇಲೆ ಬಣ್ಣ ಬಳಿಯಬೇಡಿ.

ಇಷ್ಟೆಲ್ಲ ನೋಡಿದ ಮೇಲೆ ಉಳಿಯುವುದು ವೈಂಡಿಂಗ್. ಅಲ್ಲೂ ಒಂದು ಮೆಟ್ಟಿಲು ಬಾಕಿ ಇದೆ. ಐಪ್ಪಸಿ, ಕಾರ್ತಿಕದ ಮಳೆಯಲ್ಲಿ, ಅಂದರೆ ಅಕ್ಟೋಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗೆ, ವಾರಗಟ್ಟಲೆ ಸುಮ್ಮನೆ ಕೂತ ಮೋಟಾರಿಗೆ ತೇವ ಹಿಡಿದಿರುತ್ತದೆ. ಮುಟ್ಟಿದರೆ ಶಾಕ್ ಕೊಡುತ್ತದೆ, ಫ್ಯೂಸ್ ಹೋಗುತ್ತದೆ. ಇದೊಂದು ಪರೀಕ್ಷೆಗೆ ಮಾತ್ರ ಹೊದಿಕೆಯ ರೆಸಿಸ್ಟೆನ್ಸ್ ಅಳೆಯುವ ಮೆಗ್ಗರ್ ಬೇಕು. 500 ವೋಲ್ಟಿನ ಮೆಗ್ಗರ್ ಹಿಡಿದಾಗ ವೈಂಡಿಂಗಿಗೂ ಮೈಗೂ ನಡುವೆ ಕನಿಷ್ಠ ಒಂದು ಮೆಗಾಓಮ್ ಆದರೂ ತೋರಿಸಬೇಕು. ಕಡಿಮೆ ಬಂದರೆ ಮುಚ್ಚಳ ಬಿಚ್ಚಿ, ರೋಟರ್ ತೆಗೆದು, ಸ್ಟೇಟರಿನೊಳಗೆ 60 ಅಥವಾ 100 ವಾಟಿನ ಹಳೇ ಮಾದರಿಯ ಬಲ್ಬನ್ನು ವೈಂಡಿಂಗಿಗೆ ತಾಗದಂತೆ ಒಂದು ದಿನ ಉರಿಸಿಟ್ಟು ಮತ್ತೆ ಅಳೆಯಬೇಕು. ಒಣಗಿದ ಮೇಲೆ ಸಂಖ್ಯೆ ಏರಿದರೆ ವೈಂಡಿಂಗ್ ಉಳಿಯಿತು. ಏರದಿದ್ದರೆ, ಅಥವಾ ತಾಮ್ರದ ಮೇಲೆ ಕಪ್ಪು ಕಲೆ ಕಂಡರೆ, ಆಗ ಹೊಸೂರಿನ ದಾರಿ ಹಿಡಿಯಬೇಕು.

ವೈಂಡಿಂಗ್ ಅಂಗಡಿಯವರ ಕೈಚಳಕದ ಮೇಲೆ ನನಗೆ ಬಹಳ ಗೌರವ. 24 ಸ್ಲಾಟಿನ, 36 ಸ್ಲಾಟಿನ ಸ್ಟೇಟರಿಗೆ ಎಳೆ ಎಳೆಯಾಗಿ ತಾಮ್ರ ತುಂಬುವ ಆ ಕೆಲಸವನ್ನು ನಿಂತು ನೋಡಿದವರಿಗೆ ಅದರ ಕಷ್ಟ ಗೊತ್ತು. ಆದರೂ ಒಪ್ಪಿಸುವಾಗ ಮೂರು ಮಾತು ಬಾಯಿಬಿಟ್ಟು ಕೇಳಬೇಕು. ಮೊದಲಿದ್ದ ಗೇಜಿನ ತಂತಿಯೇ ಬೇಕು, ಮೊದಲಿದ್ದಷ್ಟೇ ಸುತ್ತು ಬೇಕು. ತಾಮ್ರದ ಜಾಗಕ್ಕೆ ಅಲ್ಯೂಮಿನಿಯಂ ಬೇಡ. ಹಳೇ ಕಾಯಿಲ್ ತೆಗೆಯಲು ಸ್ಟೇಟರನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಬೇಡಿ, ಕಬ್ಬಿಣದ ತೆಳು ತಗಡುಗಳ ನಡುವಿನ ಹೊದಿಕೆ ಹಾಳಾಗಿ ಆಮೇಲೆ ಮೋಟಾರ್ ಸುಮ್ಮನೆ ಓಡಿದರೂ ಕಾಯುತ್ತದೆ. ಸುತ್ತಿನ ಸಂಖ್ಯೆ, ಗೇಜು, ಕಾಯಿಲ್ ಹಾಕಿದ ಕ್ರಮ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆಸಿಕೊಂಡು ತಂದರೆ ಮುಂದಿನ ತಲೆಮಾರಿಗೂ ಅನುಕೂಲ.

ಇದೆಲ್ಲ ತಾಪತ್ರಯ, ಹೊಸ ಮೋಟಾರನ್ನೇ ತಂದುಬಿಡೋಣ ಎನ್ನುವವರ ವಾದದಲ್ಲೂ ಹುರುಳಿದೆ. ಹೊಸವು ಕಡಿಮೆ ಕರೆಂಟು ತಿನ್ನುತ್ತವೆ. ಇಡೀ ದಿನ ಓಡುವ ಪಂಪಿಗೆ, ಗಿರಣಿಗೆ ಆ ಉಳಿತಾಯ ದೊಡ್ಡದು. ದಿನಕ್ಕೆ ಒಂದೆರಡು ಗಂಟೆ ಓಡುವ ಪ್ಲೇನರಿಗೆ ಅಷ್ಟಾಗಿ ಇಲ್ಲ. ಜೊತೆಗೆ ಹಳೆಯ ಮೋಟಾರುಗಳಲ್ಲಿ ಇಂಚಿನ ಅಳತೆಯ ಶಾಫ್ಟು ಇರುವುದುಂಟು. ಈಗಿನವು ಮಿಲಿಮೀಟರಿನವು: 90ರ ಫ್ರೇಮಿಗೆ 24 ಮಿಲಿಮೀಟರ್ ಶಾಫ್ಟು, 100ರ ಫ್ರೇಮಿಗೆ 28. ಪುಲ್ಲಿಯ ತೂತು ಹೊಂದುವುದಿಲ್ಲ, ಕೂರಿಸುವ ಬೋಲ್ಟಿನ ಜಾಗ ಹೊಂದುವುದಿಲ್ಲ.

ಎಲ್ಲಕ್ಕಿಂತ ಮಿಗಿಲಾದ ಅಪಾಯ ವೇಗದ್ದು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ನಾಲ್ಕು ಪೋಲಿನ ಮೋಟಾರ್ ನಿಮಿಷಕ್ಕೆ ಸುಮಾರು 1440 ಸುತ್ತು, ಎರಡು ಪೋಲಿನದು 2880 ಸುತ್ತು ಓಡುತ್ತದೆ. ನೋಡಲು ಎರಡೂ ಒಂದೇ ಥರ. 1440ರ ಜಾಗಕ್ಕೆ ತಿಳಿಯದೆ 2880ರದ್ದನ್ನು, ಪುಲ್ಲಿ ಬದಲಿಸದೆ ಹಾಕಿದರೆ ಕಟ್ಟರ್ ಬ್ಲಾಕ್ ತನ್ನ ಎರಡರಷ್ಟು ವೇಗದಲ್ಲಿ ಸುತ್ತುತ್ತದೆ. ಬ್ಲೇಡು ಹಿಡಿದಿರುವ ಬೋಲ್ಟುಗಳ ಮೇಲೆ ಬೀಳುವ ಎಳೆತ ಆಗ ನಾಲ್ಕು ಪಟ್ಟು. ಆ ಬೋಲ್ಟು ತಾಳದಿದ್ದರೆ ಬ್ಲೇಡು ಹಾರುವುದು ಹಲಗೆ ಹಿಡಿದು ನಿಂತವನ ಕಡೆಗೆ.

ರಿಪೇರಿ ಮುಗಿದ ಮೋಟಾರನ್ನು ಮೊದಲು ಬೆಲ್ಟ್ ಇಲ್ಲದೆ ಅರ್ಧ ಗಂಟೆ ಓಡಿಸಬೇಕು. ಮೈಮೇಲೆ ಅಂಗೈ ಇಟ್ಟು ತಡೆಯುವಷ್ಟು ಬಿಸಿ ಇದ್ದರೆ ಸರಿ. ತಿರುಗುವ ದಿಕ್ಕು ನೋಡಬೇಕು. ತಪ್ಪಿದ್ದರೆ ಮೂರು ಫೇಸಿನಲ್ಲಿ ಯಾವುದಾದರೂ ಎರಡು ತಂತಿ, ಸಿಂಗಲ್ ಫೇಸಿನಲ್ಲಿ ಹೊರಡಿಸುವ ವೈಂಡಿಂಗಿನ ಎರಡು ತುದಿ ಅದಲು ಬದಲು. ಅರ್ಥ್ ತಂತಿ ಕಟ್ಟಿದೆಯೇ ಎಂದು ಎಳೆದು ನೋಡಬೇಕು. ಮೆಷಿನ್ನಿಗೆ ನೇರ ಮೈನ್ ಸ್ವಿಚ್ಚಿನಿಂದ ಕರೆಂಟು ಕೊಟ್ಟಿದ್ದರೆ ಈಗಲಾದರೂ ನೋ-ವೋಲ್ಟ್ ಕಾಯಿಲ್ ಇರುವ ಸ್ಟಾರ್ಟರ್ ಹಾಕಿಸಿ, ಕರೆಂಟು ಹೋಗಿ ಬಂದಾಗ ಗರಗಸ ತಾನಾಗಿ ತಿರುಗತೊಡಗುವುದು ಅದರಿಂದ ತಪ್ಪುತ್ತದೆ. ಆಮೇಲೆ ಬೆಲ್ಟ್ ಹಾಕಿ, ಒಳ್ಳೆಯ ಬೇವಿನ ಹಲಗೆಯೊಂದನ್ನು ಹತ್ತರಿಗೆ ಕೊಟ್ಟು, ಕ್ಲ್ಯಾಂಪ್ ಮೀಟರ್ ಎಷ್ಟು ಆಂಪಿಯರ್ ತೋರಿಸುತ್ತದೆ ಎಂದು ಓದಿ, ಆ ಸಂಖ್ಯೆಯನ್ನು, ತಾರೀಖನ್ನು, ಕೆಪಾಸಿಟರಿನ ಎಂಎಫ್‌ಡಿಯನ್ನು, ಬೇರಿಂಗ್ ನಂಬರನ್ನು ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಪೇಂಟಿನಲ್ಲಿ ಕನ್ನಡದಲ್ಲೇ ಬರೆದಿಡಿ.